ಬಂದರಿನ ಎಂಜಿನ್ನು ಮತ್ತು ಎರಡು ಬಡಿತ

ವಿಚಿತ್ರ ಅನುಭವ ಹೇಳುವವರ ಬಗ್ಗೆ ನನಗೆ ಬಹಳ ವರ್ಷ ಒಂದು ಬಗೆಯ ತಾತ್ಸಾರವಿತ್ತು. ಇಂಥವರು ಊಟವಾಗಿ ಎಲೆಅಡಿಕೆ ಬಾಯಿಗೆ ಹೋದ ಮೇಲೆ ಕತೆ ಶುರುಮಾಡುತ್ತಾರೆ. ಘಟನೆ ನಡೆದದ್ದು ಅವರಿಗಲ್ಲ, ಅವರ ಸೋದರಮಾವನಿಗೆ. ಆ ಸೋದರಮಾವ ಅಷ್ಟರಲ್ಲಿ ತೀರಿಕೊಂಡಿರುತ್ತಾರೆ, ಆದ್ದರಿಂದ ಅವರನ್ನು ಪಾಟೀಸವಾಲಿಗೆ ಕರೆಯುವಂತಿಲ್ಲ. ನಾನು ಇತಿಹಾಸದ ಪಾಠ ಹೇಳಿ ಹೊಟ್ಟೆ ಹೊರೆದವನು. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಎಷ್ಟೋ ಹುಡುಗರಿಗೆ ಬೋಧಿಸಿ, ಅವರು ಆ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸುವುದನ್ನೂ ಕಂಡವನು.

ಈಗ ನನ್ನ ಸರದಿ ಬಂದಿದೆ. ಇಂಥ ಅನುಭವಗಳಿಗೆ ರಾತ್ರಿಯೇ ಆಗಬೇಕೆಂಬ ನಿಯಮವಿದ್ದಂತೆ ತೋರುತ್ತದೆ; ಅದನ್ನು ಪಾಲಿಸಲು ನನ್ನಿಂದ ಆಗಲಿಲ್ಲ. ನನ್ನದು ಬೆಳಗಿನ ಹೊತ್ತು, ಉಪ್ಪಿಟ್ಟು ತಿಂದು, ಇಸ್ತ್ರಿಯಾದ ಶರ್ಟು ತೊಟ್ಟು, ಒಂದು ಗಾಜಿನ ಕಟ್ಟಡದ ಎದುರಿನ ಹುಲ್ಲುಹಾಸಿನಲ್ಲಿ ನಡೆದದ್ದು. ಗುರುಗ್ರಾಮ ಆಗಿನ್ನೂ ಗುಡಗಾಂವ್ ಆಗಿತ್ತು, ಮೆಟ್ರೋ ಅಲ್ಲಿಗೆ ಬಂದಿರಲಿಲ್ಲ.

ನಾನಾಗ ದೆಹಲಿಯ ಒಂದು ಸಂಸ್ಥೆಯಲ್ಲಿ ಬಂದರುಗಳ ವ್ಯಾಪಾರದ ಇತಿಹಾಸ ಕಲಿಸುತ್ತಿದ್ದೆ. ಸಮುದ್ರದಿಂದ ಇಷ್ಟು ದೂರ ಕುಳಿತು ಬಂದರಿನ ಬಗ್ಗೆ ಮಾತಾಡುವವನಿಗೆ ತಪ್ಪು ತೋರಿಸುವವರು ಕಡಿಮೆ. ಅದೇ ಆ ಕೆಲಸದ ಸುಖ. ಲೋಧಿ ಕಾಲೋನಿಯಲ್ಲಿ ಮನೆ. ಸರ್ಕಾರ ಅದನ್ನು ಕೊಟ್ಟದ್ದು ನನ್ನ ಹೆಂಡತಿಯ ಹುದ್ದೆಗೆ. ಅಲ್ಲಿ ನನ್ನ ಸ್ಥಾನ ದೀರ್ಘಾವಧಿಯ ಅತಿಥಿಯದು.

ಒಂದು ದಿನ ಶಾಹೀನ್ ಎಂಬ ಹುಡುಗಿ ಫೋನ್ ಮಾಡಿದಳು. ಹುಬ್ಬಳ್ಳಿಯವಳು, ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದವಳು, ಗುಡಗಾಂವಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅವಳ ಕಂಪನಿಯ ಯಜಮಾನರಿಗೆ ಹಠಾತ್ತನೆ ಪರಂಪರೆಯ ಮೇಲೆ ಭಕ್ತಿ ಹುಟ್ಟಿ, ಗುಜರಿ ವ್ಯಾಪಾರಿಯೊಬ್ಬನಿಂದ ಒಂದು ಹಳೆಯ ಉಗಿ ಎಂಜಿನ್ನನ್ನು ಕೊಂಡು ಕಟ್ಟಡದ ಎದುರಿಗೆ ನಿಲ್ಲಿಸಿದ್ದರಂತೆ. ಅದರ ಇತಿಹಾಸವನ್ನು ಒಂದು ಫಲಕಕ್ಕೆ ಹಿಡಿಸುವಷ್ಟು ಬರೆದುಕೊಡಬೇಕಿತ್ತು.

"ಸ್ವಲ್ಪ ಇನ್‌ಸ್ಪೈರಿಂಗ್ ಆಗಿರಲಿ ಅಂದಿದಾರೆ ಸರ್," ಎಂದಳು.

"ಎಂಜಿನ್ನು ಏನು ಮಾಡ್ತಿತ್ತು?"

"ಮುಂಬಯಿ ಬಂದರಲ್ಲಿ ವ್ಯಾಗನ್ ತಳ್ತಿತ್ತು."

ಹೋಗಿ ನೋಡಿದೆ. ಪುಟ್ಟ ಎಂಜಿನ್ನು, ಆರು ಚಕ್ರ, ಬಾಯ್ಲರಿನ ಎರಡೂ ಮಗ್ಗುಲಿಗೆ ನೀರಿನ ಪೆಟ್ಟಿಗೆ, ಕುಳ್ಳ ಚಿಮಣಿ. ಹಡಗಿನಿಂದ ಇಳಿದ ಗೋಧಿ, ಹಡಗಿಗೆ ಏರಬೇಕಾದ ಹತ್ತಿ, ಅದಿರು, ಇವುಗಳ ವ್ಯಾಗನ್ನುಗಳನ್ನು ಹಡಗು ನಿಲ್ಲುವ ಧಕ್ಕೆಯ ಅಂಚಿನಲ್ಲಿ ಅತ್ತ ಇತ್ತ ಸರಿಸಿ ಜೋಡಿಸುವುದು ಅದರ ಕಸುಬು. ಅದಕ್ಕೆ ಶಂಟಿಂಗ್ ಎನ್ನುತ್ತಾರೆ. ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಹುಟ್ಟಿ, ಹಡಗಿನಲ್ಲಿ ಬಂದು, ಇಳಿದ ಧಕ್ಕೆಯಲ್ಲೇ ದುಡಿಮೆಗೆ ನಿಂತು, ಬಂದರಿನ ಗೋಡೆಯಾಚೆಗೆ ಒಮ್ಮೆಯೂ ಹೋಗದೆ, ಡೀಸೆಲ್ ಎಂಜಿನ್ನುಗಳು ಬಂದ ಮೇಲೆ ಮೂಲೆ ಸೇರಿದ್ದು. ಜೀವನವಿಡೀ ಇನ್ನೊಬ್ಬರ ಸಾಮಾನನ್ನು ಊರಿಗೆ ಕಳಿಸಿ ತಾನು ಎಲ್ಲಿಗೂ ಹೋಗದ ಆ ಪ್ರಾಣಿಯ ಮೇಲೆ ನನಗೆ, ಮೇಷ್ಟ್ರ ಕೆಲಸದವನಿಗೆ ಸಹಜವಾಗಿಯೇ, ಬಂಧುಭಾವ ಬಂತು.

ಕಂಪನಿಯವರು ಅದಕ್ಕೆ ಗಿಳಿಹಸಿರು ಬಣ್ಣ ದಪ್ಪನಾಗಿ ಬಳಿದಿದ್ದರು. ಬಂದರಿನ ನೆನಪು ಬರಲೆಂದು ವ್ಯಾಗನ್ನಿಗೆ ಒತ್ತುವ ಮುಂದಿನ ಬಫರುಗಳ ಎದುರಿಗೆ ನೀಲಿ ಟೈಲ್ಸಿನ ಒಂದು ಕೊಳವನ್ನೂ ಕಟ್ಟಿಸಿದ್ದರು. ಅರಬ್ಬೀ ಸಮುದ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಾರದು.

ವಾಪಸು ಹೊರಟಾಗ ಶಾಹೀನ್ ಸ್ವಲ್ಪ ಅನುಮಾನಿಸಿ, "ಸರ್, ನಮ್ಮ ದಾದಾ ಇದೇ ಥರದ್ದನ್ನ ಓಡಿಸ್ತಿದ್ದರು. ಇದೇ ಇರಬಹುದು ಅಂತಿದಾರೆ. ಒಮ್ಮೆ ಮಾತಾಡ್ತೀರಾ?" ಎಂದಳು.

ನಾನು ನಂಬಲಿಲ್ಲ. ಬಂದರಿನಲ್ಲಿ ಒಂದೇ ಅಚ್ಚಿನ ಎಂಜಿನ್ನುಗಳು ಹಲವಿದ್ದವು, ಇದರ ಸಂಖ್ಯೆಯ ತಗಡು ಗುಜರಿಯಲ್ಲಿ ಯಾವಾಗಲೋ ಕಳೆದುಹೋಗಿತ್ತು. ಆದರೂ ಫಲಕಕ್ಕೆ ಏನಾದರೂ ಸಿಕ್ಕೀತೆಂದು ಅವಳ ಫ್ಲ್ಯಾಟಿಗೆ ಹೋದೆ.

ಅಜ್ಜ ಹುಸೇನ್ ಸಾಹೇಬರು ಕಣ್ಣಿನ ಪೊರೆ ತೆಗೆಸಲು ಆ ಚಳಿಗಾಲಕ್ಕೆ ಹುಬ್ಬಳ್ಳಿಯಿಂದ ಬಂದಿದ್ದರು. ಎತ್ತರದ ಆಳು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಪೊಲೀಸರು ಹುಡುಕುತ್ತಿರುವ ಮನುಷ್ಯನಂತೆ ಕುಳಿತಿದ್ದರು. ಅಜ್ಜಿ ಜೈನಬಿ ಚಹಾ ತಂದಿಟ್ಟು, "ಎಂಜಿನ್ ಸುದ್ದಿ ಕೇಳಾಕ ಬಂದೀರೇನ್ರಿ? ಇವರು ಮೊದಲ ಲಗ್ನ ಆಗಿದ್ದು ಅದರ ಜೋಡಿ. ನಾ ಎರಡನೇದಾಕಿ," ಎಂದು ಒಳಗೆ ಹೋದರು.

ಅಜ್ಜ ನಗಲಿಲ್ಲ. ಕೆಲಸದ ರೀತಿಯನ್ನು ನಿಧಾನವಾಗಿ ವಿವರಿಸಿದರು.

"ಎಂಜಿನ್ ಮುಂದ ಏನೈತಿ ಅಂತ ಡ್ರೈವರಗ ಕಾಣೂದಿಲ್ಲ ಮಾಸ್ತರ್ರ. ಎರಡೂ ಕಡೆ ನೀರಿನ ಟಾಕಿ, ನಡುವ ಬಾಯ್ಲರು. ಕೂಗಿದ್ರ ಕೇಳೂದಿಲ್ಲ, ಕ್ರೇನಿನ ಗದ್ದಲ, ಹಡಗದ ಗದ್ದಲ. ಸೀಟಿ ಹೊಡದ್ರ ಯಾರ ಸೀಟಿ ಅಂತ ಯಾರಿಗೂ ಗೊತ್ತಾಗೂದಿಲ್ಲ. ಅದಕ್ಕ ಮುಂದಿನ ಮೆಟ್ಟಿಲ ಮ್ಯಾಲೆ ಒಬ್ಬಾಂವ ನಿಂತಿರತಾನ, ಕೊಂಡಿ ಹಾಕಾಂವ. ಕೈಯಾಗ ಒಂದು ಕಬ್ಬಿಣದ ಗೂಟ. ಅದರಿಂದ ಬಫರಿನ ತೊಲಿಗೆ ಹೊಡೀತಾನ. ಎರಡು ಹೊಡದ್ರ ಬಾ. ಒಂದು ಹೊಡದ್ರ ನಿಲ್ಲು."

"ಅಷ್ಟು ಗದ್ದಲದಲ್ಲಿ ಅದು ಕೇಳಿಸುತ್ತಾ?"

"ಕಿವಿಗೆ ಬರೂದಿಲ್ರಿ. ಅಂಗಾಲಿಗೆ ಬರತೈತಿ."

ಆಮೇಲೆ ಒಳಗಿನ ಪಾತ್ರೆಯ ಸದ್ದಿಗೆ ಕಿವಿಗೊಟ್ಟು, ದನಿ ತಗ್ಗಿಸಿ ಉಳಿದದ್ದನ್ನು ಹೇಳಿದರು. ಅವರ ಎಂಜಿನ್ನಿನ ಮುಂದೆ ನಿಲ್ಲುತ್ತಿದ್ದವನು ಮೌಲಾ, ಜೈನಬಿಯ ತಮ್ಮ. ಕೆಲಸ ಕೊಡಿಸಿದ್ದೂ ಇವರೇ. ಒಂದು ಮಳೆಗಾಲದ ಮಧ್ಯಾಹ್ನ ಧಕ್ಕೆಯ ತುದಿಯಲ್ಲಿ ನಿಂತ ವ್ಯಾಗನ್ನಿಗೆ ಕೊಂಡಿ ಹಾಕಲು ಹೋಗಿದ್ದರು. ಬಡಿತ ಬಂತು, ಇವರು ಎಂಜಿನ್ನು ಮುಂದೆ ಬಿಟ್ಟರು. ವ್ಯಾಗನ್ನು ಹಳಿಯ ಕೊನೆಯ ತಡೆ ದಾಟಿ ನೀರಿಗೆ ಬಿತ್ತು. ಅದರ ಜೊತೆಗೆ ಮೌಲಾನೂ ಬಿದ್ದ. ಅವನು ಬದುಕಿ ಮೇಲೆ ಬರಲಿಲ್ಲ.

ವಿಚಾರಣೆಯಲ್ಲಿ, ಹತ್ತಿರದ ಒಂದು ದೋಣಿಯ ಮೇಲಿದ್ದವರು ಹುಡುಗ ಗೂಟ ಎತ್ತಿ 'ನಿಲ್ಲು' ಎಂದು ಬಡಿದದ್ದನ್ನು ಕಣ್ಣಾರೆ ಕಂಡೆವೆಂದರು. ಹುಸೇನ್ ಸಾಹೇಬರು ತಮಗೆ ಎರಡು ಬಂತೆಂದರು. ಹಳಿ ಒದ್ದೆಯಾಗಿತ್ತೆಂದು ಬರೆದು ವಿಚಾರಣೆ ಮುಗಿಸಿದರು, ಶಿಕ್ಷೆ ಯಾರಿಗೂ ಆಗಲಿಲ್ಲ. ಆದರೆ ಡ್ರೈವರು ತಲೆ ಉಳಿಸಿಕೊಳ್ಳಲು ಸುಳ್ಳು ಹೇಳಿದನೆಂದು ಎಲ್ಲರೂ ತಿಳಿದರು. ಅವರು ಕೆಲಸ ಬಿಟ್ಟು ಹುಬ್ಬಳ್ಳಿಗೆ ಬಂದು ಒಂದು ಗ್ಯಾರೇಜು ಸೇರಿದರು.

"ನನಗ ಎರಡು ಬಂತು," ಎಂದರು. "ಅಥವಾ ಎರಡು ಬಂತು ಅಂತ ಹೇಳಿ ಹೇಳಿ ಎರಡಾತೋ, ಈಗ ನನಗೇ ತಿಳಿಯೂದಿಲ್ಲ."

"ಜೈನಬಿ ಅವರು ಏನಂದರು?"

"ಆಕಿ ಇವತ್ತಿನ ತನಕ ಕೇಳಿಲ್ರಿ. ಬೈದಿದ್ರ ಬೈಸಿಕೊಳ್ತಿದ್ದೆ. ಕೇಳಲೇ ಇಲ್ಲ. ನಾನೂ ಹೇಳಲಿಲ್ಲ." ಚಹಾದ ಲೋಟ ಕೆಳಗಿಟ್ಟರು. "ಒಮ್ಮೆ ಅದರೊಳಗ ನಿಂತ್ರ ಅಂಗಾಲಿಗೆ ನೆನಪಾಗತೈತೇನೋ ಅಂತ ಆಸೆ. ಒಂದೋ, ಎರಡೋ. ಒಂದು ಅಂತಾದ್ರ ಒಂದು. ಆಕಿ ಮುಂದ ಕುಂತು ಒಂದು ಅಂತ ಹೇಳತೀನಿ."

ಮುದುಕರ ಆಸೆಗಳಲ್ಲಿ ಇದು ಖರ್ಚಿಲ್ಲದ್ದು. ಒಂದು ಭಾನುವಾರ ಬೆಳಿಗ್ಗೆ ಹೋಗುವುದೆಂದಾಯಿತು.

ಜನವರಿಯ ದೆಹಲಿಯ ಮಂಜನ್ನು ಕಂಡವರಿಗೆ ವರ್ಣನೆ ಬೇಡ, ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಗಿಟ್ಟು ಓಡಿಸಿದ. ಹುಲ್ಲುಹಾಸಿನ ಹತ್ತಿರ ಬಂದಾಗ ಗಾಜಿನ ಕಟ್ಟಡ ಇಡಿಯಾಗಿ ಮಾಯವಾಗಿತ್ತು. ಗುಡಗಾಂವ್ ಅಷ್ಟು ಚೆನ್ನಾಗಿ ನನಗೆ ಮತ್ತೆಂದೂ ಕಂಡಿಲ್ಲ. ಎಂಜಿನ್ನು ಮಾತ್ರ ಕಪ್ಪಗೆ ನಿಂತಿತ್ತು. ಮಂಜು ಅದರ ಗಿಳಿಹಸಿರನ್ನು ಅಳಿಸಿಹಾಕಿತ್ತು. ಎದುರಿನ ಕೊಳದ ಆಚೆ ದಂಡೆ ಕಾಣುತ್ತಿರಲಿಲ್ಲವಾದ್ದರಿಂದ ಅದು ಎಷ್ಟು ದೊಡ್ಡ ನೀರು ಬೇಕಾದರೂ ಆಗಬಹುದಿತ್ತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹಾಗೆ ಕಂಡಿತು.

ಶಾಹೀನ್ ಅಜ್ಜನನ್ನು ಕೈಹಿಡಿದು ಕರೆತಂದಳು. ಅಜ್ಜಿ ಮನೆಯಲ್ಲೇ ಉಳಿದಿದ್ದರು. ಹುಸೇನ್ ಸಾಹೇಬರು ಮೊದಲು ಎಂಜಿನ್ನಿನ ಮುಂಭಾಗಕ್ಕೆ ಹೋಗಿ, ಎಡಗಡೆಯ ಮೂಲೆಯಲ್ಲಿ ಬಫರಿನ ತೊಲೆಯ ಮೇಲೆ ಅಂಗೈ ಆಡಿಸಿದರು. ದಪ್ಪ ಬಣ್ಣದ ಕೆಳಗೆ ಒಂದು ಕಡೆ ಕೈ ನಿಂತಿತು. ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟರು. ಕಬ್ಬಿಣ ಅಲ್ಲಿ ತಟ್ಟೆಯಂತೆ ತಗ್ಗಾಗಿತ್ತು.

"ಎಲ್ಲಾರೂ ಬಲಗಡೆ ಹೊಡೀತಿದ್ರು," ಎಂದರು. "ಅಂವ ಒಬ್ಬನ ಎಡಚ."

ಅಲ್ಲಿಗೆ ಎಂಜಿನ್ನಿನ ಗುರುತು ಸಿಕ್ಕಿತು.

ಕಾವಲುಗಾರ ಬೀಗ ತೆಗೆದು, ಜನ ಹತ್ತಿ ನೋಡಲು ಇಟ್ಟಿದ್ದ ಏಣಿ ತಂದ. ಅಜ್ಜನನ್ನು ಡ್ರೈವರಿನ ಜಾಗಕ್ಕೆ ಹತ್ತಿಸಿ ನಾನೂ ಹತ್ತಿದೆ. ಅವರು ಚಪ್ಪಲಿ ಬಿಟ್ಟು ಆ ಕೊರೆಯುವ ತಗಡಿನ ಮೇಲೆ ಬರಿಗಾಲಲ್ಲಿ ನಿಂತರು. ನನ್ನ ಬೂಟನ್ನು ನೋಡಿ, "ಇರಲಿ ಬಿಡ್ರಿ, ನಿಮಗ ಥಂಡಿ ಆದೀತು," ಎಂದರು. ಎಡಗೈ ಬ್ರೇಕಿನ ಹಿಡಿಯ ಮೇಲೆ ಹೋಯಿತು. ಮೇಲೆ, ಎಂಜಿನ್ನು ಓಡಲು ಉಗಿಯನ್ನು ಬಿಡುವ ಉದ್ದನೆಯ ಸನ್ನೆಗೋಲು ಇತ್ತು, ಅವರ ಭಾಷೆಯಲ್ಲಿ ರೆಗ್ಯುಲೇಟರ್. ಬಣ್ಣ ಮೆತ್ತಿಕೊಂಡು ಅದು ಅಲ್ಲಾಡದಂತಾಗಿತ್ತು. ಬಾಯ್ಲರಿನ ಒಳಗೆ ಏನೂ ಇರಲಿಲ್ಲ, ಕೊಳವೆಗಳನ್ನು ಗುಜರಿಯವನು ಯಾವತ್ತೋ ಕಿತ್ತು ಮಾರಿದ್ದ.

ಕೆಳಗಿನಿಂದ ಶಾಹೀನ್, "ದಾದಾ, ಶಾಲು ಗಾಡಿಯಲ್ಲೇ ಉಳೀತು, ತರ್ತೀನಿ. ಭಯ್ಯಾ, ಚಾಯ್ ಮಿಲೇಗಿ ಕ್ಯಾ?" ಎನ್ನುತ್ತ ಕಾವಲುಗಾರನ ಜೊತೆಗೆ ಗೇಟಿನ ಕಡೆಗೆ ಹೋದಳು. ಅವರ ಮಾತು ಮಂಜಿನಲ್ಲಿ ದೂರವಾಗುವುದು ಕೇಳಿಸುತ್ತಿತ್ತು. ಕಾವಲುಗಾರ ತನ್ನ ಸಂಬಳದ ಬಗ್ಗೆ ಏನೋ ಹೇಳುತ್ತಿದ್ದ.

ಆಗ ಬಡಿತ ಬಂತು.

ಕಬ್ಬಿಣದ ಮೇಲೆ ಕಬ್ಬಿಣ, ಒಂದು ಸಲ, ಮುಂದಿನಿಂದ. ಸದ್ದು ಎನ್ನುವಂತಿರಲಿಲ್ಲ. ಬೂಟಿನ ಅಟ್ಟೆಯ ಮೂಲಕ ನನ್ನ ಪಾದಕ್ಕೆ ಬಂದು ಮೊಣಕಾಲಿನವರೆಗೆ ಹೋಯಿತು. ಹುಸೇನ್ ಸಾಹೇಬರ ಎಡಗೈ ಬ್ರೇಕನ್ನು ಬಿಗಿಯಾಗಿ ಎಳೆಯಿತು. ಆ ಕೈ ಯೋಚಿಸಲಿಲ್ಲ. ನಾನು ಉಸಿರು ಬಿಗಿಹಿಡಿದಿದ್ದೆ. ಅದನ್ನು ಬಿಡುವಷ್ಟು ಹೊತ್ತಾಯಿತು. ಆಮೇಲೆ ಇನ್ನೊಂದು ಬಡಿತ, ಮೊದಲಿನದಕ್ಕಿಂತ ಜೋರಾಗಿ.

ಅವರ ಎಡಗೈ ಬ್ರೇಕನ್ನು ಬಿಟ್ಟಿತು. ಬಲಗೈ ಮೇಲೆ ಹೋಗಿ ರೆಗ್ಯುಲೇಟರನ್ನು ತೆರೆಯುವ ಕಡೆಗೆ ತಳ್ಳಿತು. ಬಣ್ಣ ಹಿಡಿದುಕೊಂಡಿತ್ತು, ಅದು ಅಲ್ಲಾಡಲಿಲ್ಲ. ಕೈ ತಳ್ಳುತ್ತಲೇ ಇತ್ತು. ಅವರು ಕಪ್ಪು ಕನ್ನಡಕ ತೆಗೆದು ಆ ಕೈಯನ್ನು, ಅದು ಬೇರೆ ಯಾರದ್ದೋ ಎಂಬಂತೆ ನೋಡಿದರು.

ನಾನು ಎಡಗಡೆಯ ಕಿಂಡಿಯಿಂದ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಮುಂದೆ ಕೊಳ, ಅದರಲ್ಲಿ ಅಲೆಯಿಲ್ಲ. ಪಕ್ಕದ ಇಬ್ಬನಿ ಹುಲ್ಲಿನ ಮೇಲೆ ನಾವು ಬಂದುಹೋದ ಜಾಡು ಮಾತ್ರ. ಹೆಜ್ಜೆ ಓದುವ ವಿದ್ಯೆ ನನಗೆ ಬಾರದು, ಬಂದಷ್ಟನ್ನು ಹೇಳುತ್ತಿದ್ದೇನೆ. ಗೇಟಿನ ಕಡೆ ಕಾವಲುಗಾರ ಇನ್ನೂ ಸಂಬಳದ ಬಗ್ಗೆಯೇ ಮಾತಾಡುತ್ತಿದ್ದ, ಶಾಹೀನ್ "ಅಚ್ಛಾ, ಅಚ್ಛಾ" ಅನ್ನುತ್ತಿದ್ದಳು.

"ಮಾಸ್ತರ್ರ," ಎಂದರು ಹುಸೇನ್ ಸಾಹೇಬರು. "ನಿಮಗೂ ಬಂತೇನು?"

"ಬಂತು."

"ಎಷ್ಟು?"

ಎರಡು ಎಂದು ಹೇಳಲು ಬಾಯಿ ತೆರೆದೆ. ಮನುಷ್ಯನಿಗೆ ನೆಮ್ಮದಿಯಾಗುವ ಉತ್ತರ ಅದು, ಲೆಕ್ಕದಲ್ಲಿ ಸುಳ್ಳೂ ಅಲ್ಲ. ಆದರೆ ನಡುವಿನ ಅಂತರವನ್ನು ಬಿಟ್ಟು ಎರಡನ್ನೂ ಕೂಡಿಸುವ ಲೆಕ್ಕ ಆ ಹೊತ್ತಿನಲ್ಲಿ ಸರಿಯೆನಿಸಲಿಲ್ಲ.

"ಒಂದು," ಎಂದೆ. "ಆಮೇಲೆ ಇನ್ನೊಂದು."

ಅವರು ಬಲಗೈಯನ್ನು ಎಡಗೈಯಿಂದ ಹಿಡಿದು ಕೆಳಗೆ ಇಳಿಸಿದರು. ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ನಿಲ್ಲು ಅಂದ," ಎಂದರು. "ನಾ ಬ್ರೇಕ್ ಎಳದೆ. ಹಳಿ ತೊಯ್ದಿತ್ತು, ಎಂಜಿನ್ ನಿಲ್ಲಲಿಲ್ಲ, ಜಾರ್ತು. ಅದಕ್ಕ ಮತ್ತ ನಿಲ್ಲು ಅಂದ. ನನ್ನ ಕೈ ಎರಡು ಅಂತ ಎಣಿಸಿ ಮುಂದ ಬಿಡ್ತು."

ಅವರೇ ಮತ್ತೆ ಹೇಳಿದರು: "ಅಂವನೂ ಸುಳ್ಳು ಹೇಳಲಿಲ್ಲ. ನಾನೂ ಸುಳ್ಳು ಹೇಳಲಿಲ್ಲ."

ಇದು ಅವರಿಗೆ ಸಮಾಧಾನವಾಯಿತೋ ಶಿಕ್ಷೆಯಾಯಿತೋ, ಆ ಮುಖದಿಂದ ನನಗೆ ತಿಳಿಯಲಿಲ್ಲ. ಸುಳ್ಳುಗಾರ ಎಂಬ ಹೆಸರು ಹೋಗಿತ್ತು. ಅದರ ಜಾಗಕ್ಕೆ ಬಂದದ್ದು ಹಗುರವಾದದ್ದೇನೂ ಆಗಿರಲಿಲ್ಲ. ಶಾಹೀನ್ ಶಾಲು ಹಿಡಿದು ಬಂದು, "ಆಯ್ತಾ ದಾದಾ? ಇದೇನಾ ನಿಮ್ಮ ಗಾಡಿ?" ಎಂದಳು. "ಹೌದವ್ವಾ," ಎಂದರು. "ಮನೀಗೆ ಹೋಗೂಣು. ನಿಮ್ಮ ದಾದಿ ಜೋಡಿ ಮಾತಾಡೂದೈತಿ."

ಮನೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಶಾಹೀನ್ ಆ ವಾರ ಫೋನ್ ಮಾಡಿ ಹೇಳಿದ್ದು. ಅಜ್ಜ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರಂತೆ: ಮೊದಲ ಬಡಿತ, ಬ್ರೇಕು, ಜಾರಿದ್ದು, ಎರಡನೆಯ ಬಡಿತ, ತಮ್ಮ ಕೈ. ಅಜ್ಜಿ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕುಳಿತರಂತೆ.

"ಆಮೇಲೆ ಏನಂದ್ರು ಗೊತ್ತಾ ಸರ್?" ಎಂದಳು ಶಾಹೀನ್. "'ಅಂವ ಸಣ್ಣಾಂವ ಇದ್ದಾಗಿಂದ ಯಾವ ಮಾತನ್ನೂ ಎರಡೆರಡ ಸಲ ಹೇಳಾಂವ. ಹಸಿವಾದ್ರ ಹಸಿವು ಹಸಿವು ಅಂತಿದ್ದ. ನನ್ನ ಕೇಳಿದ್ರ ಅವತ್ತೇ ಹೇಳ್ತಿದ್ದೆನಲ್ಲ' ಅಂದ್ರು. ಆಮೇಲೆ ಇಬ್ಬರೂ ಊಟ ಮಾಡಲಿಲ್ಲ. ಸಂಜೆ ಒಟ್ಟಿಗೆ ಕೂತು ಚಹಾ ಕುಡಿದರು."

ಎಷ್ಟೋ ವರ್ಷ ಒಬ್ಬರು ಕೇಳದೆ, ಇನ್ನೊಬ್ಬರು ಹೇಳದೆ, ಉತ್ತರ ಅದೇ ಮನೆಯ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಿತ್ತು. ಅದನ್ನು ತಿಳಿಯಲು ದೆಹಲಿಯ ಮಂಜೂ ಒಂದು ಸತ್ತ ಎಂಜಿನ್ನೂ ಬೇಕಾದವು. ಇದರ ಮೇಲೆ ಟೀಕೆ ಬರೆಯುವ ಯೋಗ್ಯತೆ ನನಗಿಲ್ಲ.

ಫಲಕಕ್ಕೆ ಹುಟ್ಟಿದ ದೇಶ, ಮಾಡಿದ ಕೆಲಸ ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದೆ: 'ಈ ಎಂಜಿನ್ನಿಗೆ ಮುಂದಿನದು ಕಾಣುತ್ತಿರಲಿಲ್ಲ, ಅದರ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಿದ್ದ.' ಕಂಪನಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ಟೀಮ್‌ವರ್ಕಿನ ಮಹತ್ವದ ಬಗ್ಗೆ ತಮ್ಮದೊಂದು ಸಾಲನ್ನೂ ಕೆತ್ತಿಸಿದರು. ಕೆಲವು ವರ್ಷಗಳ ಮೇಲೆ ಕಂಪನಿ ಬೇರೆಯವರ ಕೈಗೆ ಹೋಗಿ ಎಂಜಿನ್ನೂ ಎಲ್ಲಿಗೋ ಹೋಯಿತು. ಅಂತೂ ಅದು ಕೊನೆಗೊಮ್ಮೆ ಪ್ರಯಾಣ ಮಾಡಿತು. ಹುಸೇನ್ ಸಾಹೇಬರೂ ಈಗಿಲ್ಲ. ನನ್ನ ಕತೆಯಲ್ಲೂ ಸಾಕ್ಷಿ ತೀರಿಕೊಂಡೇ ಇದ್ದಾರೆ ಎಂಬುದನ್ನು ಗಮನಿಸಿದ್ದೇನೆ.

ವಿವರಣೆ ಹುಡುಕಲಿಲ್ಲವೆಂದಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗಿ ಟಿಕ್ ಎನ್ನುತ್ತದೆಂದು ನಮ್ಮ ಸಂಸ್ಥೆಯ ಭೌತಶಾಸ್ತ್ರದ ಮಿತ್ರರು ಹೇಳಿದರು. ಅವತ್ತು ಬಿಸಿಲಿರಲಿಲ್ಲವೆಂದೆ. "ಹಾಗಾದರೆ ಕುಗ್ಗಿರಬೇಕು," ಎಂದರು. ಮುದುಕನ ನೆನಪು ನನಗೆ ಅಂಟಿತೆನ್ನೋಣವೆಂದರೆ, ಅವರಿಗೇ ನೆನಪಿಲ್ಲದ ಆ ನಡುವಿನ ಅಂತರ ನನ್ನ ಪಾದಕ್ಕೆ ಹೇಗೆ ಬಂತು? ಎಂಜಿನ್ನು ಅಲ್ಲಿದ್ದಷ್ಟು ಕಾಲ ಫಲಕದ ಅಕ್ಷರ ತಪ್ಪು ನೋಡುವ ನೆಪದಲ್ಲಿ ಮಂಜಿನ ಬೆಳಿಗ್ಗೆಗಳಲ್ಲಿ ಹೋಗಿ, ಕಾವಲುಗಾರ ನಗುವುದನ್ನು ಲೆಕ್ಕಿಸದೆ ಬೂಟು ಬಿಚ್ಚಿ ಆ ತಗಡಿನ ಮೇಲೆ ನಿಂತಿದ್ದೇನೆ. ನೆಗಡಿಯಾಯಿತು. ಬೇರೇನೂ ಆಗಲಿಲ್ಲ.

ನನಗೆ ಗೊತ್ತಿಲ್ಲ; ಇಷ್ಟು ವರ್ಷದ ಮೇಲೆ ಹೇಳಬಹುದಾದದ್ದು ಅಷ್ಟೇ. ಆದರೆ ಒಂದು ಅಭ್ಯಾಸ ಉಳಿದುಕೊಂಡಿದೆ. ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ, ಹೆಂಡತಿ "ಇರಿ, ಅಷ್ಟೇನು ಅವಸರ" ಎನ್ನುತ್ತಿರುವಾಗಲೇ, ನಾನು ಮೊದಲ ಸದ್ದಿಗೆ ಎದ್ದಿರುತ್ತೇನೆ. ಎರಡನೆಯದಕ್ಕೆ ಕಾಯುವುದಿಲ್ಲ.